ದಾಸ ಎಂಬ ಹೆಸರಿನ ಹಡಗು



ಮಾರ್ಚ್ 25ರಂದು ಧರ್ಮಸಭೆ ಮಂಗಳವಾರ್ತೆಯ ಹಬ್ಬವನ್ನು ಆಚರಿಸುತ್ತದೆ. ನಜರೇತಿನ ಕನ್ಯೆ ಮರಿಯ ಗಬ್ರಿಯೇಲ ದೂತನಿಗೆ ಉತ್ತರ ಕೊಡುವಾಗ ತನ್ನನ್ನು ಸರ್ವೇಶ್ವರನ ದಾಸಿ ಎಂದು ಕರೆದುಕೊಂಡಳು. ಸಂತ ಲೂಕನ ಗ್ರೀಕ್ ಮೂಲದಲ್ಲಿ ಆ ಪದ ‘ದೂಲೆ’. ಅದರ ಪುಲ್ಲಿಂಗ ‘ದೂಲೋಸ್’. ಕನ್ನಡಿಗರಾದ ನಮಗೆ ದಾಸ ಎಂದೊಡನೆ ಪುರಂದರದಾಸರು, ಕನಕದಾಸರು ನೆನಪಾಗುತ್ತಾರೆ. ತಂಬೂರಿ ಹಿಡಿದ ಭಕ್ತನ ಗೌರವ ಆ ಪದಕ್ಕೆ ಅಂಟಿಕೊಂಡಿದೆ. ಗ್ರೀಕ್ ಪದಕ್ಕೆ ಅಂಥ ಭಾಗ್ಯವಿರಲಿಲ್ಲ. ದೂಲೋಸ್ ಎಂದರೆ ಕೊಂಡವನ ಸ್ವತ್ತು, ನಾಳೆ ಇನ್ನೊಬ್ಬನಿಗೆ ಮಾರಬಹುದಾದವನು. ಯಜಮಾನ ಬದಲಾದರೆ ಅವನ ಹೆಸರೂ ಬದಲಾಗಬಹುದಿತ್ತು. ಸಂತ ಪೌಲನು ಫಿಲೆಮೋನನಿಗೆ ಬರೆದ ಪತ್ರದಲ್ಲಿ ಬರುವ ಒನೇಸಿಮನ ಹೆಸರಿನ ಅರ್ಥ ‘ಉಪಯೋಗಿ’. ಹೆತ್ತವರು ಮುದ್ದಿನಿಂದ ಇಡುವ ಹೆಸರಿಗಿಂತ ಆಳನ್ನು ಕೊಂಡವನು ಇಡುವ ಹೆಸರಿನಂತೆಯೇ ಅದು ಕೇಳಿಸುತ್ತದೆ.

ಹೀಗೆಯೇ ಕೈಯಿಂದ ಕೈಗೆ ಮಾರಾಟವಾಗುತ್ತಾ, ಮಾರಾಟವಾದಾಗಲೆಲ್ಲ ಹೆಸರು ಕಳೆದುಕೊಳ್ಳುತ್ತಾ ಬಂದು, ಕೊನೆಗೆ ದೂಲೋಸ್ ಎಂದೇ ಕರೆಸಿಕೊಂಡ ಒಂದು ಹಡಗಿತ್ತು. ಅದರ ಚರಿತ್ರೆಯನ್ನು ಈ ಹಬ್ಬದ ಸಂದರ್ಭದಲ್ಲಿ ಓದುಗರ ಮುಂದಿಡಲು ಬಯಸುತ್ತೇವೆ.

ಟೈಟಾನಿಕ್ ಹಡಗು 1912ರ ಏಪ್ರಿಲ್‌ನಲ್ಲಿ ಮುಳುಗಿದ್ದು ಎಲ್ಲರಿಗೂ ಗೊತ್ತು. ಅದಾಗಿ ಎರಡು ವರ್ಷಕ್ಕೆ, ಅಂದರೆ 1914ರಲ್ಲಿ, ಅಮೆರಿಕದ ವರ್ಜೀನಿಯಾ ರಾಜ್ಯದ ನ್ಯೂಪೋರ್ಟ್ ನ್ಯೂಸ್ ಎಂಬಲ್ಲಿ ನಮ್ಮ ಈ ಹಡಗು ನೀರಿಗಿಳಿಯಿತು. ಉದ್ದ ಸುಮಾರು 130 ಮೀಟರ್. ಉಕ್ಕಿನ ಹಲಗೆಗಳನ್ನು ಬೆಸುಗೆ ಹಾಕದೆ ಸಾವಿರಾರು ರಿವೆಟ್ ಹೊಡೆದು ಜೋಡಿಸುತ್ತಿದ್ದ ಕಾಲವದು. ಮ್ಯಾಲರಿ ಎಂಬ ಕಂಪೆನಿ ಇದಕ್ಕೆ ‘ಮೆಡಿನಾ’ ಎಂದು ಹೆಸರಿಟ್ಟು ಅಮೆರಿಕದ ಕರಾವಳಿಯಲ್ಲಿ ಸರಕು ಸಾಗಿಸಲು ಬಿಟ್ಟಿತು. ಟೆಕ್ಸಾಸಿನ ಈರುಳ್ಳಿ ಅದು ಹೊತ್ತ ಸರಕುಗಳಲ್ಲೊಂದು. ಟೈಟಾನಿಕ್ ಬಗ್ಗೆ ಪುಸ್ತಕಗಳು ಬಂದವು, ಸಿನಿಮಾ ಬಂತು. ಈರುಳ್ಳಿ ಹೊತ್ತ ಹಡಗಿನ ಬಗ್ಗೆ ಯಾರು ಬರೆಯುತ್ತಾರೆ? ಆದರೂ ಅದು ಎರಡು ಮಹಾಯುದ್ಧಗಳನ್ನು ಕಂಡು, ತೇಲುತ್ತಲೇ ಉಳಿಯಿತು.

1948ರಲ್ಲಿ ಪನಾಮಾದ ಒಂದು ಕಂಪೆನಿ ಇದನ್ನು ಕೊಂಡಿತು. ಸರಕಿನ ಹಡಗು ಪ್ರಯಾಣಿಕರ ಹಡಗಾಯಿತು. ಹೊಸ ಹೆಸರು ‘ರೋಮಾ’. ಕಾರಣ ನಮ್ಮ ಧರ್ಮಸಭೆಯ ಚರಿತ್ರೆಯಲ್ಲೇ ಇದೆ. ವಿಶ್ವಗುರು 12ನೇ ಪಯಸ್‌ರವರು 1950ನ್ನು ಪವಿತ್ರ ವರ್ಷವೆಂದು ಸಾರಿದ್ದರು. ಯುದ್ಧ ಮುಗಿದು ಐದೇ ವರ್ಷ. ಯುರೋಪಿನ ಎಷ್ಟೋ ಪಟ್ಟಣಗಳು ಇನ್ನೂ ಪೂರ್ತಿ ಎದ್ದು ನಿಂತಿರಲಿಲ್ಲ. ಆದರೂ ಸಂತ ಪೇತ್ರನ ಮಹಾದೇವಾಲಯದ ಪವಿತ್ರ ದ್ವಾರವನ್ನು ದಾಟಲು ಜನ ಹೊರಟರು. ಆ ಜೂನ್‌ನಲ್ಲಿ ಮರಿಯಾ ಗೊರೆಟ್ಟಿಯನ್ನು ಸಂತಳೆಂದು ಸಾರಲಾಯಿತು. ನವೆಂಬರ್ 1ರಂದು ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರವನ್ನು ವಿಶ್ವಾಸದ ಸತ್ಯವೆಂದು ಘೋಷಿಸಲಾಯಿತು. ಹಾಗೆ ಹೊರಟ ಯಾತ್ರಿಕರನ್ನು ಕರೆತಂದ ಹಡಗುಗಳಲ್ಲಿ ಹಳೆಯ ಮೆಡಿನಾವೂ ಒಂದು. ಕೆಲವರಿಗೆ ಕ್ಯಾಬಿನ್ ಸಿಕ್ಕಿತು. ಹೆಚ್ಚಿನವರು ಛತ್ರದಲ್ಲಿ ಮಲಗಿದಂತೆ ದೊಡ್ಡ ಕೋಣೆಗಳಲ್ಲಿ ಸಾಲಾಗಿ ಮಲಗಿದರು. ಮೂವತ್ತೈದು ವರ್ಷ ಮೂಟೆ ಹೊತ್ತ ಹಡಗು ಈಗ ಜಪಸರ ಹಿಡಿದವರನ್ನು ಹೊತ್ತಿತು. ಅದರ ಎಲ್ಲ ಅವತಾರಗಳಲ್ಲಿ ನಮಗೆ ಹೆಚ್ಚು ಪ್ರಿಯವಾದುದು ಇದೇ.

1952ರಲ್ಲಿ ಮತ್ತೆ ಮಾರಾಟ. ಈ ಸಲ ಕೊಂಡವರು ಇಟಲಿಯ ಜೆನೋವಾ ನಗರದ ಕೋಸ್ತಾ ಮನೆತನದವರು. ಆಲಿವ್ ಎಣ್ಣೆಯ ವ್ಯಾಪಾರದಿಂದ ಹಡಗಿನ ವ್ಯಾಪಾರಕ್ಕೆ ಬಂದ ಕುಟುಂಬವದು. ಅವರಿಟ್ಟ ಹೆಸರು ‘ಫ್ರಾಂಕಾ ಸಿ’. ಸಿ ಎಂದರೆ ಕೋಸ್ತಾ. ಹಬೆಯ ಎಂಜಿನ್ ಕಿತ್ತು ಫಿಯೆಟ್ ಕಂಪೆನಿಯ ಡೀಸೆಲ್ ಎಂಜಿನ್ ಕೂರಿಸಿದರು. ಅಲ್ಲಿಗೆ ಸ್ಟೀಮರ್ ಎಂಬ ಮಾತು ಲೆಕ್ಕಕ್ಕೆ ಮುಗಿಯಿತು, ಒಡಲು ಮಾತ್ರ ಹಳೆಯದೇ. ಇಟಲಿಯಲ್ಲಿ ಹೊಟ್ಟೆಗಿಲ್ಲದೆ ಅರ್ಜೆಂಟೀನಾಕ್ಕೆ ಹೊರಟವರನ್ನು ಅದು ಸಾಗರ ದಾಟಿಸಿತು. ವಿಶ್ವಗುರು ಫ್ರಾನ್ಸಿಸ್‌ರವರ ತಂದೆಯ ಕುಟುಂಬವೂ 1929ರಲ್ಲಿ ಬೇರೊಂದು ಹಡಗಿನಲ್ಲಿ ಇದೇ ದಾರಿಯಲ್ಲಿ ಹೋಗಿತ್ತು. ಅವರು ಮೊದಲು ಹೋಗಬೇಕೆಂದಿದ್ದ ‘ಪ್ರಿನ್ಸಿಪೆಸ್ಸಾ ಮಫಾಲ್ಡಾ’ 1927ರಲ್ಲಿ ಬ್ರೆಜಿಲ್ ಬಳಿ ಮುಳುಗಿತು. ಮನೆ ಅಂಗಡಿ ಮಾರುವುದು ತಡವಾದದ್ದೇ ಅವರನ್ನು ಉಳಿಸಿತು. ವಲಸಿಗರಿಗೆ ಹಡಗು ಎಂದರೆ ಎಂಥ ಭಯ, ಎಂಥ ಭರವಸೆ ಎಂಬುದು ಆ ಮನೆಯವರಿಗೆ ಗೊತ್ತಿತ್ತು. 1959ರಿಂದ ಫ್ರಾಂಕಾ ಸಿ ವಿಹಾರಕ್ಕೆ ಹೋಗುವ ಅನುಕೂಲವಂತರ ಹಡಗಾಯಿತು. ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

1977ರಲ್ಲಿ ‘ಗೂಟೆ ಬ್ಯೂಶರ್ ಫ್ಯೂರ್ ಆಲೆ’ ಎಂಬ ಜರ್ಮನ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ಹೆಸರಿನ ಅರ್ಥ, ಎಲ್ಲರಿಗೂ ಒಳ್ಳೆಯ ಪುಸ್ತಕ. ಪ್ರಾಟೆಸ್ಟೆಂಟ್ ಸಹೋದರರ ಸಂಸ್ಥೆಯಿದು. ಅವರ ಪ್ರಚಾರದ ರೀತಿ ನಮ್ಮದಲ್ಲ, ಸಂಸ್ಕಾರಗಳ ವಿಷಯದಲ್ಲಿ ನಮಗೂ ಅವರಿಗೂ ಇರುವ ಭೇದ ಸಣ್ಣದಲ್ಲ. ಆದರೆ ಅವರು ಆರಿಸಿಕೊಂಡ ಹೆಸರಿಗೆ ತಲೆಬಾಗದೆ ಇರಲಾರೆವು. ಕೊಂಡವರು ಸಾಮಾನ್ಯವಾಗಿ ಹಡಗಿಗೆ ತಮ್ಮ ಹೆಸರನ್ನೋ ಪ್ರಯೋಜನದ ಹೆಸರನ್ನೋ ಇಡುತ್ತಾರೆ. ಇವರು ‘ದೂಲೋಸ್’ ಎಂದು ಬರೆಸಿದರು. ಫಿಲಿಪ್ಪಿಯರಿಗೆ ಬರೆದ ಪತ್ರದಲ್ಲಿ ಸಂತ ಪೌಲನು ಪ್ರಭು ಯೇಸು ದಾಸನ ರೂಪವನ್ನು ಧರಿಸಿದರೆಂದು ಹೇಳುವಾಗ ಬಳಸುವ ಪದವೂ ಇದೇ. ಆ ರೂಪಧಾರಣೆ ಆದದ್ದು ಯಾವಾಗ? ಮರಿಯಮ್ಮ ತನ್ನನ್ನು ದಾಸಿಯೆಂದ ಗಳಿಗೆಯಲ್ಲಿ. ತಾಯಿ ಮಗ ಇಬ್ಬರೂ ಒಂದೇ ದಿನ ಒಂದೇ ಪದವನ್ನು ಹೊತ್ತರು.

ಆ ಹಡಗಿನಲ್ಲಿ ಕ್ಯಾಪ್ಟನ್‌ನಿಂದ ಹಿಡಿದು ಪಾತ್ರೆ ತೊಳೆಯುವವರ ತನಕ ಯಾರಿಗೂ ಸಂಬಳವಿರಲಿಲ್ಲ. ಹತ್ತಾರು ದೇಶಗಳ ಮುನ್ನೂರಕ್ಕೂ ಹೆಚ್ಚು ಜನ ಸ್ವಂತ ಇಷ್ಟದಿಂದ ಬಂದು ದುಡಿದರು. ಬಂದರಿಗೆ ಬಂದಾಗ ಹಡಗಿನಲ್ಲೇ ಪುಸ್ತಕದ ಮಳಿಗೆ ತೆರೆಯುತ್ತಿತ್ತು. ಭಾರತದ ಬಂದರುಗಳಿಗೂ ಅದು ಬಂದಿತ್ತು. ನೂರಕ್ಕೂ ಮಿಕ್ಕಿ ದೇಶಗಳಲ್ಲಿ ಎರಡು ಕೋಟಿಗೂ ಹೆಚ್ಚು ಜನ ಅದನ್ನು ಹತ್ತಿ ಇಳಿದರು. ಅದರ ಬೆಲೆಯನ್ನೂ ತೆರಬೇಕಾಯಿತು. 1991ರ ಆಗಸ್ಟ್ 10ರಂದು ಫಿಲಿಪ್ಪೀನ್ಸ್ ದೇಶದ ಜಾಂಬೋಆಂಗಾ ನಗರದಲ್ಲಿ ಹಡಗಿನವರು ಕಾರ್ಯಕ್ರಮ ನಡೆಸುತ್ತಿದ್ದಾಗ ವೇದಿಕೆಯ ಮೇಲೆ ಗ್ರೆನೇಡ್ ಬಿತ್ತು. ಸ್ವೀಡನ್ನಿನ ಒಬ್ಬಳು, ನ್ಯೂಜಿಲೆಂಡಿನ ಒಬ್ಬಳು, ಇಬ್ಬರು ಯುವತಿಯರು ಸತ್ತರು. ಹಲವರು ಗಾಯಗೊಂಡರು. ಅವರು ನಮ್ಮ ಧರ್ಮಸಭೆಯವರಲ್ಲ ಎಂಬ ಕಾರಣಕ್ಕೆ ನಮ್ಮ ಪ್ರಾರ್ಥನೆ ಅವರನ್ನು ಬಿಟ್ಟುಬಿಡಲಾದೀತೆ? ಹಡಗು ಮತ್ತೆ ಹೊರಟಿತು. ಮತ್ತೆ ಸ್ವಯಂಸೇವಕರು ಬಂದರು.

ಕಡಲಿನಲ್ಲಿ ಓಡಾಡುವ ಪ್ರಯಾಣಿಕರ ಹಡಗುಗಳಲ್ಲಿ ಜಗತ್ತಿನಲ್ಲೇ ಅತಿ ಹಳೆಯದೆಂಬ ಗಿನ್ನೆಸ್ ದಾಖಲೆ ಅದಕ್ಕೆ ಸಿಕ್ಕಿತು. ಆದರೆ 2010ರಿಂದ ಜಾರಿಗೆ ಬರಲಿದ್ದ ಅಂತಾರಾಷ್ಟ್ರೀಯ ಸುರಕ್ಷತಾ ನಿಯಮಗಳಿಗೆ ಹೊಂದಿಸಲು, ಸವೆದ ಒಡಲನ್ನು ರಿಪೇರಿ ಮಾಡಲು ಆಗುವ ಖರ್ಚು ಕೈಮೀರಿತ್ತು. 2009ರ ಕೊನೆಗೆ ಸಿಂಗಾಪುರದಲ್ಲಿ ಸೇವೆ ನಿಂತಿತು. ಅಂಥ ಮುದಿ ಹಡಗುಗಳ ಕೊನೆಯ ಊರು ಸಾಮಾನ್ಯವಾಗಿ ಗುಜರಾತಿನ ಅಲಂಗ್‌ನಂಥ ತೀರ. ಅಲ್ಲಿ ಹಡಗನ್ನು ದಡಕ್ಕೆ ಏರಿಸಿ, ತುಂಡುತುಂಡಾಗಿ ಕತ್ತರಿಸಿ, ಗುಜರಿಗೆ ಹಾಕುತ್ತಾರೆ. ದೂಲೋಸ್‌ಗೆ ಆ ಗತಿ ಬರಲಿಲ್ಲ. ಸಿಂಗಾಪುರದ ಉದ್ಯಮಿ ಎರಿಕ್ ಸಾ 2010ರಲ್ಲಿ ಅದನ್ನು ಕೊಂಡು, ಇಂಡೋನೇಷ್ಯಾದ ಬಿಂತಾನ್ ದ್ವೀಪಕ್ಕೆ ಒಯ್ದು, ದಡಕ್ಕೆ ಎಳೆಸಿ, 2019ರಲ್ಲಿ ಹೋಟೆಲ್ ಮಾಡಿ ತೆರೆದರು. ಸೇವೆಯ ಹಡಗು ಹೋಟೆಲ್ ಆಯಿತೇ ಎಂದು ಕೆಲವರು ಮೂಗು ಮುರಿದಾರು. ನಮಗೇನೋ ಹಾಗನ್ನಿಸುವುದಿಲ್ಲ. ಬಂದವರಿಗೆ ಹಾಸಿಗೆ ಹಾಸುವುದು, ಊಟ ಬಡಿಸುವುದು ದಾಸನ ಕೆಲಸವೇ ಅಲ್ಲವೇ?

ಹೊಸ ಯಜಮಾನ ಬಂದಾಗಲೆಲ್ಲ ಹಳೆಯ ಹೆಸರು ಅಳಿಸಿಹೋಗುತ್ತಿತ್ತು. ಮೆಡಿನಾ ಹೋಯಿತು, ರೋಮಾ ಹೋಯಿತು, ಫ್ರಾಂಕಾ ಸಿ ಹೋಯಿತು. ಎರಿಕ್ ಸಾ ಮಾತ್ರ ತಮಗೆ ಸಿಕ್ಕ ಹೆಸರನ್ನು ಉಳಿಸಿಕೊಂಡರು. ಅದರ ಮುಂದೆ ಇನ್ನೊಂದು ಗ್ರೀಕ್ ಪದವನ್ನು ಸೇರಿಸಿದರು, ಅಷ್ಟೆ. ಈಗ ಅದು ‘ದೂಲೋಸ್ ಫೋಸ್’. ಫೋಸ್ ಎಂದರೆ ಬೆಳಕು.