ಬಾಣಲೆ ಸೇರಿದ ದ್ರಾಕ್ಷಾರಸ

ದ್ರಾಕ್ಷಾರಸವೆಂದೊಡನೆ ನಿಮಗೆ ನೆನಪಾಗುವುದು ಬಲಿಪೀಠದ ಪಾತ್ರೆ, ಇಲ್ಲವೇ ಔತಣದ ಮೇಜು. ಒಲೆಯ ಮೇಲಿನ ಬಾಣಲೆಯನ್ನು ನೆನೆಯುವವರು ವಿರಳ. ಆದರೆ ಸಿಸಿಲಿ ದ್ವೀಪದ ಪಶ್ಚಿಮ ತೀರದಲ್ಲಿರುವ ಮಾರ್ಸಾಲಾ ಪಟ್ಟಣದ ದ್ರಾಕ್ಷಾರಸವನ್ನು ಇಂದು ಅನೇಕರು ಬಲ್ಲದ್ದು ಬಾಣಲೆಯ ಮೂಲಕವೇ.

1773ರಲ್ಲಿ ಜಾನ್ ವುಡ್‌ಹೌಸ್ ಎಂಬ ಇಂಗ್ಲಿಷ್ ವರ್ತಕನು ಈ ರಸವನ್ನು ಸ್ವದೇಶಕ್ಕೆ ಕಳುಹಿಸಿದನು. ಸಮುದ್ರಯಾನದಲ್ಲಿ ಹುಳಿಯಾಗದಿರಲೆಂದು ಪೀಪಾಯಿಗಳಿಗೆ ಬಟ್ಟಿ ಇಳಿಸಿದ ಮದ್ಯಸಾರವನ್ನು ಬೆರೆಸಿದನು. 1800ರಲ್ಲಿ ನೌಕಾಪತಿ ನೆಲ್ಸನ್ ತನ್ನ ಪಡೆಗೂ ಇದನ್ನು ತರಿಸಿಕೊಂಡನು. 1833ರಲ್ಲಿ ವಿನ್ಚೆಂಜೊ ಫ್ಲೋರಿಯೊ ಎಂಬ ಇಟಲಿಯ ಉದ್ಯಮಿಯೂ ಈ ವ್ಯಾಪಾರಕ್ಕಿಳಿದನು. ಕೆಡುವ ಭಯ ಬಲಿಪೂಜೆಯ ದ್ರಾಕ್ಷಾರಸಕ್ಕೂ ಇದ್ದುದರಿಂದ, 1896ರಲ್ಲಿ ರೋಮ್, ದ್ರಾಕ್ಷಿಯಿಂದಲೇ ಪಡೆದ ಮದ್ಯಸಾರವನ್ನು ಮಿತಿಯೊಳಗೆ ಬೆರೆಸಲು ಸಮ್ಮತಿಸಿತು.

ಕಾಯ್ದಿಡಲು ಕೈಗೊಂಡ ಈ ಉಪಾಯವೇ ಅಡುಗೆಯವರಿಗೆ ಅನುಕೂಲವಾಯಿತು. ಶೇಕಡಾ 17-18ರಷ್ಟು ಮದ್ಯಸಾರವಿರುವುದರಿಂದ ತೆರೆದಿಟ್ಟ ಸೀಸೆ ಬೇಗನೆ ಕೆಡುವುದಿಲ್ಲ; ಅದರ ಗಾಢ ಸ್ವಾದ ಬೆಂಕಿಗೂ ಅಳಿಯುವುದಿಲ್ಲ. ಹಿಟ್ಟು ಸವರಿದ ಎಳೆಗರುವಿನ ಮಾಂಸದ ತೆಳು ಹೋಳುಗಳನ್ನು ಹುರಿದು, ಬಾಣಲೆಗೆ ಮಾರ್ಸಾಲಾ ಸುರಿದರೆ, ತಳಕ್ಕೆ ಹತ್ತಿದ ಕಂದು ಸಾರವೆಲ್ಲ ಕರಗಿ ದಟ್ಟ ರಸವಾಗುತ್ತದೆ. ಮೊಟ್ಟೆಯ ಹಳದಿ, ಸಕ್ಕರೆ, ಮಾರ್ಸಾಲಾ ಇಷ್ಟನ್ನೇ ಹದವಾದ ಬಿಸಿಯಲ್ಲಿ ಕಡೆದರೆ ಜಬಾಲ್ಯೋನೆ ಎಂಬ ಸಿಹಿತಿನಿಸು ಸಿದ್ಧ. ಮದ್ಯ ವರ್ಜಿಸಿದವರು ಒಂದು ಮಾತನ್ನು ಗಮನಿಸಬೇಕು: ಇಂತಹ ಅಲ್ಪಕಾಲದ ಅಡುಗೆಯಲ್ಲಿ ಮದ್ಯಸಾರ ಪೂರ್ಣವಾಗಿ ಆವಿಯಾಗುವುದಿಲ್ಲ.

ಹಾಗಾದರೆ ಮಾರ್ಸಾಲಾದ ಹೆಸರು ಕೆಟ್ಟದ್ದು ಅಡುಗೆಮನೆಯಿಂದಲೇ? ಅಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಮೊಟ್ಟೆ, ಕಾಫಿ ಮುಂತಾದವನ್ನು ಬೆರೆಸಿದ ಅಗ್ಗದ ಪಾನೀಯಗಳೂ ಅದೇ ಹೆಸರಿನಲ್ಲಿ ಮಾರಾಟವಾದವು. ಕೊಳ್ಳುವವರ ಕಣ್ಣಿನಲ್ಲಿ ಮಾರ್ಸಾಲಾ ಎಂದರೆ ಅಡುಗೆಗಷ್ಟೇ ಸಾಲುವ ಸೀಸೆ ಎಂಬಂತಾಯಿತು. ಇಟಲಿ 1969ರಲ್ಲಿ ಈ ಹೆಸರಿಗೆ ಮೂಲಸ್ಥಾನದ ಮಾನ್ಯತೆ ನೀಡಿತು. 1984ರ ಕಾನೂನು ನಿಯಮಗಳನ್ನು ಬಿಗಿಗೊಳಿಸಿ, ಪರಿಮಳ ಬೆರೆಸಿದವುಗಳನ್ನು ಹೊರಗಿಟ್ಟಿತು. ಸಿಹಿ ಬೆರೆಸದ 'ವೆರ್ಜಿನೆ' ಎಂಬ ಬಗೆ ಇಂದಿಗೂ ಕನಿಷ್ಠ 5 ವರ್ಷ ಪೀಪಾಯಿಯಲ್ಲಿ ಮಾಗಬೇಕು.

ಕಳೆದ ಹೆಸರನ್ನು ಮರಳಿ ಗಳಿಸುವುದು ಕಾನೂನಿನಿಂದಷ್ಟೇ ಆಗುವ ಕೆಲಸವಲ್ಲ. ಇಂದಿಗೂ ಅನೇಕ ಊರುಗಳಲ್ಲಿ ಮಾರ್ಸಾಲಾ ಕೊಳ್ಳುವವರು ಮೊದಲು ಕೇಳುವುದು ಅಡುಗೆಗೆ ಬೇಕಾದ ಅಗ್ಗದ ಸೀಸೆಯನ್ನೇ. ಓದುಗರೇ, ಅಡುಗೆಮನೆಯ ಸೇವೆ ಯಾವುದನ್ನೂ ಕೀಳಾಗಿಸುವುದಿಲ್ಲ. ಒಳ್ಳೆಯದರ ಹೆಸರಿನಲ್ಲಿ ಕಳಪೆಯನ್ನು ಮಾರಿದಾಗಲೇ ಒಳ್ಳೆಯದಕ್ಕೂ ಬೆಲೆ ಇಲ್ಲದಂತಾಗುವುದು.