ಚೌಕಾಬಾರಾಕ್ಕೆ ಅಚ್ಚಿನ ಮೊಳೆ

ಚದುರಂಗದ ಮಣೆಯನ್ನು ಅಚ್ಚಿನಲ್ಲಿ ತೋರಿಸಲು ಎಷ್ಟು ಅಕ್ಷರ ಬೇಕು? ಒಂದು ಮಧ್ಯಾಹ್ನ ಕೂತು ಲೆಕ್ಕ ಹಾಕಿದೆ. ರಾಜ, ಮಂತ್ರಿ, ಆನೆ, ಒಂಟೆ, ಕುದುರೆ, ಕಾಲಾಳು ಎಂದು ಕಾಯಿಗಳ ಜಾತಿ 6. ಬಿಳಿಯ ಪಕ್ಷ, ಕರಿಯ ಪಕ್ಷ ಎಂದು ಎರಡು ಬಣ್ಣ, ಆಯಿತು 12. ಪ್ರತಿ ಕಾಯಿಯೂ ಬಿಳಿ ಮನೆಯಲ್ಲಿ ನಿಲ್ಲಬಹುದು, ಕರಿ ಮನೆಯಲ್ಲೂ ನಿಲ್ಲಬಹುದು, ಹೀಗಾಗಿ 24. ಕಾಯಿಯೇ ಇಲ್ಲದ ಬಿಳಿ ಮನೆ ಒಂದು, ಕರಿ ಮನೆ ಒಂದು. ಒಟ್ಟು 26. ಇಂಗ್ಲಿಷ್ ವರ್ಣಮಾಲೆಯಲ್ಲಿ ಇರುವುದೂ 26 ಅಕ್ಷರವೇ. ಆ ಆಟವನ್ನು ಆ ಕೀಲಿಮಣೆಗೆಂದೇ ಹೊಲಿದಂತೆ ಕೂತುಬಿಟ್ಟಿದೆ.

ಈ ಲೆಕ್ಕ ನನಗೆ ಬೇಕಾದದ್ದಕ್ಕೆ ಕಾರಣವಿತ್ತು. ಬೈರಿದೇವರಕೊಪ್ಪದ ನಮ್ಮ ಓಣಿಯ ಹೆಣ್ಣುಮಕ್ಕಳು ಕೂಡಿ ಪಂಚಮಿ ಹಬ್ಬಕ್ಕೆ ಒಂದು ಸಣ್ಣ ಪುಸ್ತಿಕೆ ತರಬೇಕೆಂದು ಗೊತ್ತು ಮಾಡಿದರು. ಮನೆಯೊಳಗೆ ಕೂತು ಆಡುವ ಹಳೆಯ ಆಟಗಳು, ಅವುಗಳ ಮಣೆ, ನಡೆ, ನಿಯಮ, ಇಷ್ಟೇ ಅದರ ವಿಷಯ. ಮನೆಯಲ್ಲೇ ಡಿಟಿಪಿ ಕೆಲಸ ಮಾಡಿಕೊಂಡಿರುವ ನನ್ನ ಪಾಲಿಗೆ ಅದರ ಟೈಪು ಬಂತು. ಚದುರಂಗ, ಚೌಕಾಬಾರಾ, ಪಗಡೆ, ಅಳಗುಳಿಮಣೆ, ಹುಲಿ-ಕುರಿ, ಹೀಗೆ ಐದು ಆಟ. ಬರವಣಿಗೆ ನಾಲ್ಕು ದಿನದಲ್ಲಿ ಮುಗಿಯಿತು. ಮಣೆಗಳು ಎರಡು ತಿಂಗಳು ತಿಂದವು.

ಚದುರಂಗದ್ದು ಮಾತ್ರ ಒಂದು ತಾಸಿನ ಕೆಲಸ. ಅದಕ್ಕೆಂದೇ ಫಾಂಟುಗಳಿವೆ. 1990ರ ದಶಕದ ಕೊನೆಯಲ್ಲಿ ಅರ್ಮಾಂಡೊ ಮರೋಕಿನ್ ಎಂಬವರು ಮಾಡಿ ಹಂಚಿದ ‘ಮೆರಿಡಾ’ ಮುಂತಾದವು ಈಗಲೂ ಬಳಕೆಯಲ್ಲಿವೆ. ನುಡಿಯಲ್ಲಿ ಟೈಪು ಮಾಡಿದವರಿಗೆ ಇದರ ಗುಟ್ಟು ಹೇಳಿಕೊಡಬೇಕಾಗಿಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ಟೈಪಾದ ಕನ್ನಡದ ಪುಟವನ್ನು ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗೀಚು ಕಾಣುತ್ತದಲ್ಲ, ಅದೇ ಸಂಗತಿ ಇದು. ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಕೇತ, ಫಾಂಟು ಅದಕ್ಕೆ ಬೇರೆ ಮುಖ ತೊಡಿಸುತ್ತದೆ. ಸಣ್ಣ ‘ಆರ್’ ಒತ್ತಿದರೆ ಬಿಳಿ ಮನೆಯಲ್ಲಿ ಬಿಳಿಯ ಆನೆ, ದೊಡ್ಡ ‘ಆರ್’ ಒತ್ತಿದರೆ ಕರಿ ಮನೆಯಲ್ಲಿ ಅದೇ ಆನೆ. ಕರಿಯ ಆನೆಗೆ ‘ಟಿ’. ಎಂಟು ಅಕ್ಷರ ಒತ್ತಿ ಕೆಳಗಿನ ಸಾಲಿಗೆ ಇಳಿಯಬೇಕು, ಹಾಗೆ ಎಂಟು ಸಾಲು. ಮಣೆ ಸಿದ್ಧ.

ಸಣ್ಣ ಪುಟ್ಟ ಕಾಟ ಇದ್ದೇ ಇದೆ. ಸಾಲಿನ ಅಂತರವನ್ನು ಅಕ್ಷರದ ಅಳತೆಗೇ ಸರಿಯಾಗಿ ಇಡದಿದ್ದರೆ ಮನೆಗಳ ನಡುವೆ ಬಿಳಿ ಓಣಿ ಬಿಡುತ್ತದೆ. ವಾಕ್ಯದ ಮೊದಲಕ್ಷರ ದೊಡ್ಡದಿರಬೇಕು ಎಂಬ ಇಂಗ್ಲಿಷಿನ ಶಿಸ್ತು ಗಣಕಕ್ಕೆ ಹುಟ್ಟುಗುಣ. ಅದನ್ನು ನಿಲ್ಲಿಸದಿದ್ದರೆ ಬಿಳಿ ಮನೆಯಲ್ಲಿ ನಿಂತ ಆನೆ ನೋಡುನೋಡುತ್ತಿದ್ದಂತೆ ಕರಿ ಮನೆಗೆ ಹೋಗಿ ಕೂರುತ್ತದೆ. ಕಾಗುಣಿತ ತಪ್ಪಿದೆ ಎಂದು ರಾಜನ ಕಾಲಡಿ ಕೆಂಪು ಗೆರೆಯನ್ನೂ ಎಳೆಯುತ್ತದೆ!

ಆ ಫಾಂಟಿನಲ್ಲಿ ನಮ್ಮ ಆನೆಗೆ ಸೊಂಡಿಲಿಲ್ಲ, ಅದು ಕೋಟೆಯ ಬುರುಜು. ನಮ್ಮ ಮಂತ್ರಿ ಅಲ್ಲಿ ಕಿರೀಟ ತೊಟ್ಟ ರಾಣಿ. ಯುರೋಪಿನಲ್ಲಿ ಮಂತ್ರಿ ಹೆಣ್ಣಾಗಿ, ಹದಿನೈದನೆಯ ಶತಮಾನದ ಕೊನೆಯಲ್ಲಿ ಮಣೆಯಲ್ಲೆಲ್ಲ ಅತಿ ಬಲವಾದ ಕಾಯಿಯೂ ಆದಳು. 1497ರಲ್ಲಿ ಸ್ಪೇನಿನ ಸಾಲಮಾಂಕಾದಲ್ಲಿ ಲುಸೆನಾ ಎಂಬವನು ಅಚ್ಚು ಹಾಕಿಸಿದ ಚದುರಂಗದ ಪುಸ್ತಕದಲ್ಲಿ ಹಳೆಯ ನಡೆಯೂ ಇದೆ, ರಾಣಿಯ ಹೊಸ ನಡೆಯೂ ಇದೆ. ಅದರಲ್ಲಿ ಮಣೆಯ ಚಿತ್ರಗಳಿಗೆ ಮರದಲ್ಲಿ ಕೆತ್ತಿದ ಅಚ್ಚು ಬಳಸಿದ್ದಾರೆ. ಅಂದರೆ ಆ ಆಟದ ಮಣೆ ಪುಸ್ತಕದ ಪುಟಕ್ಕೆ ಬಂದು ಐದು ನೂರು ವರ್ಷ ದಾಟಿದೆ.

ನಮ್ಮ ಕಡೆಯ ಸಂಗತಿ ಬೇರೆ ದಾರಿ ಹಿಡಿಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ ಐದು ತುಂಬುವ ಮೊದಲೇ ಪಟ್ಟಕ್ಕೆ ಬಂದವರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ, 1868ರಲ್ಲಿ ತೀರಿಕೊಳ್ಳುವವರೆಗೂ, ರಾಜ್ಯವಿಲ್ಲದ ರಾಜರಾಗಿ ವಿದ್ಯೆ-ಕಲೆಗಳಲ್ಲಿ ಮನಸ್ಸು ಇಟ್ಟರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ, ಆಟಗಳಿಗೆ ಮೀಸಲು. ಕುದುರೆಯನ್ನು ಎರಡೂವರೆ ಮನೆ ಹಾರಿಸುತ್ತ, ಒಂದು ಮನೆಯನ್ನೂ ಎರಡು ಸಲ ಮೆಟ್ಟದೆ 64 ಮನೆ ಸುತ್ತಿಸುವ ಸಮಸ್ಯೆಯಲ್ಲಿ ಅವರಿಗೆ ಅಪಾರ ಆಸಕ್ತಿ. ಅವರು ಕಟ್ಟಿದ ಒಂದು ಸುತ್ತಿನಲ್ಲಿ ಕುದುರೆ ಮೆಟ್ಟಿದ ಕ್ರಮಕ್ಕೆ ಮನೆಗಳಿಗೆ ಅಂಕಿ ಕೊಟ್ಟರೆ, ಅಡ್ಡಸಾಲು ಕೂಡಿಸಿ, ಉದ್ದಸಾಲು ಕೂಡಿಸಿ, 260 ಬರುತ್ತದೆ. ಇಂಥವನ್ನು ಬಟ್ಟೆಯ ಮೇಲೆ, ಗೋಡೆಯ ಮೇಲೆ ಬರೆಸುವಷ್ಟು ಅನುಕೂಲ ಅರಸರಿಗಿತ್ತು.

ಅಕ್ಷರವನ್ನೇ ಮನೆಯಲ್ಲಿ ಇಡುವ ವಿದ್ಯೆ ಅದಕ್ಕಿಂತಲೂ ಹಳೆಯದು. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟ ಎಂಬ ಆಲಂಕಾರಿಕ ತನ್ನ ‘ಕಾವ್ಯಾಲಂಕಾರ’ದಲ್ಲಿ 32 ಮನೆಯ ಅರ್ಧ ಮಣೆಯಲ್ಲಿ ಒಂದು ಶ್ಲೋಕ ಕೂರಿಸಿದ್ದಾನೆ. ಸಾಲಾಗಿ ಓದಿದರೂ ಅದೇ ಶ್ಲೋಕ, ಕುದುರೆಯ ನಡೆಯಲ್ಲಿ ಓದಿದರೂ ಅದೇ ಶ್ಲೋಕ. ಮಣೆಯೂ ಒಂದು ಪುಟ ಎಂಬುದು ಈ ಜನಕ್ಕೆ ಗೊತ್ತಿತ್ತು.

ಆದರೆ ಇದೆಲ್ಲ ಪಂಡಿತರ, ಅರಸರ ಮಾತು. ಅಡಿಗೆಮನೆಯ ಪಕ್ಕದ ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ಬರೆದು, ಆಟ ಮುಗಿದ ಮೇಲೆ ಒರೆಸಿಬಿಡುವ ಚೌಕಾಬಾರಾಕ್ಕೆ ಯಾರು ಪುಟ ಕೊಟ್ಟರು? ಕೆಲವೆಡೆ ಕಟ್ಟೆಮನೆ ಎನ್ನುತ್ತಾರೆ, ಕೆಲವೆಡೆ ಗಟ್ಟಾಮನೆ. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಜೀಕಿ, ಉಂಡಿ ತಿಂದು, ಮಧ್ಯಾಹ್ನ ಕವಡಿ ಹಿಡಿದು ಕೂತರೆ ದೀಪ ಹಚ್ಚುವ ಹೊತ್ತಿನವರೆಗೆ ಏಳುತ್ತಿರಲಿಲ್ಲ. ಎಲ್ಲೋರದ ಗವಿಗಳಲ್ಲಿ ಶಿವ-ಪಾರ್ವತಿಯರು ಪಗಡೆ ಆಡುತ್ತ ಕೂತ ಶಿಲ್ಪವಿದೆ. ದೇವಿಯೇ ಆಡಿದ ಆಟವನ್ನು ನಮ್ಮ ಮನೆಯ ಹಿರಿಯರು ಮಾತ್ರ ‘ಕೆಲಸ ಇಲ್ಲದವರ ಆಟ’ ಎನ್ನುತ್ತಿದ್ದರು.

ಇದರಲ್ಲಿ ಅಚ್ಚಿನ ಕೈವಾಡವೂ ಇದೆ ಎಂದು ನನಗೆ ಅನಿಸುವುದು. 1843ರಲ್ಲಿ ಬಾಸೆಲ್ ಮಿಶನ್ನಿನವರು ಹೊರತಂದ ‘ಮಂಗಳೂರು ಸಮಾಚಾರ’ ಕಲ್ಲಚ್ಚಿನ ಪತ್ರಿಕೆ. ಕಲ್ಲಚ್ಚಿನಲ್ಲಿ ಅಕ್ಷರವನ್ನೂ ಕೈಯಿಂದಲೇ ಬರೆಯುವುದು, ಚಿತ್ರವನ್ನೂ ಕೈಯಿಂದಲೇ ಬರೆಯುವುದು, ಎರಡಕ್ಕೂ ಭೇದವಿಲ್ಲ. ಮೊಳೆ ಜೋಡಿಸುವ ಮುದ್ರಣ ಎಲ್ಲೆಡೆ ನೆಲೆಯಾದ ಮೇಲೆ ಅಕ್ಷರ ಬೇರೆ, ಚಿತ್ರ ಬೇರೆ ಆಯಿತು. ಅಕ್ಷರಕ್ಕೆ ಕೇಸಿನಲ್ಲಿ ಮೊಳೆ ಇದೆ, ಚಿತ್ರಕ್ಕೆ ಹೊರಗೆ ಬ್ಲಾಕ್ ಮಾಡಿಸಬೇಕು, ಅದಕ್ಕೆ ಬೇರೆ ದುಡ್ಡು. ರಂಗೋಲಿಯ ಪುಸ್ತಕಕ್ಕೆ ಬ್ಲಾಕ್ ಮಾಡಿಸುವಷ್ಟು ಗಿರಾಕಿ ಇತ್ತು. ಕವಡಿ ಆಟಕ್ಕೆ ಯಾಕೆ ಪುಸ್ತಕ, ಅದು ಎಲ್ಲರಿಗೂ ಬರುತ್ತದಲ್ಲ! ಎಲ್ಲರಿಗೂ ಬರುವುದನ್ನು ಯಾರೂ ಅಚ್ಚು ಹಾಕಿಸಲಿಲ್ಲ. ಈಗ ನನ್ನ ಮಗಳಿಗೆ ಒಳಸುತ್ತಿಗೆ ಯಾವ ಮನೆಯಿಂದ ಹೋಗಬೇಕು ಎಂಬುದು ಗೊತ್ತಿಲ್ಲ.

ಮನೆಯ ಮುಂದಿನ ಕಲ್ಲಿನ ಕಟ್ಟೆಯ ಮೇಲೆ ಯಾರೋ ಹಿಂದಿನವರು ಉಳಿಯಿಂದ ಕೊರೆದ 25 ಮನೆ ಇದ್ದವು. ಹುಬ್ಬಳ್ಳಿ-ಧಾರವಾಡದ ರಸ್ತೆ ಅಗಲವಾದಾಗ ಆ ಕಟ್ಟೆ ಹೋಯಿತು. ಈಗ ಆ ಅಂದಾಜಿನ ಜಾಗದಲ್ಲಿ ‘ಚಿಗರಿ’ ಬಸ್ಸು ಓಡುತ್ತದೆ. ಬಸ್ಸು ಬೇಕಾದದ್ದೇ, ನಾನೂ ಅದರಲ್ಲೇ ಓಡಾಡುವವಳು. ಆದರೆ ಆ ಕಲ್ಲಿನದೊಂದು ಫೋಟೋ ಕೂಡ ನಮ್ಮಲ್ಲಿ ಇಲ್ಲ.

ಚದುರಂಗದ ಪುಟದ ಪ್ರತಿ ತೆಗೆದು ದೊಡ್ಡವ್ವನ ಕೈಗೆ ಕೊಟ್ಟೆ. ಎಂಬತ್ತು ದಾಟಿದ ಜೀವ. ಕನ್ನಡಕ ಏರಿಸಿ ಮೇಲಿಂದ ಕೆಳಗೆ ನೋಡಿದಳು.

“ಇದು ಕೈಲೆ ಬರದದ್ದಲ್ಲ?”

“ಅಲ್ಲ ದೊಡ್ಡವ್ವ, ಟೈಪ್ ಮಾಡಿದ್ದು. ಒಂದೊಂದು ಮನಿಗೆ ಒಂದೊಂದು ಅಕ್ಷರ.”

“ಹಂಗಾರ ನಮ್ಮ ಚೌಕಾಬಾರಾನೂ ಟೈಪ್ ಮಾಡ ಯವ್ವಾ. ಅದಕ್ಕ ಐದ ಸಾಲ, ಇದಕ್ಕಿಂತ ಸಣ್ಣದಲ್ಲ.”

ಸಣ್ಣದೇ. ಬರಿಯ ಮಣೆಯಾದರೆ ಫಾಂಟೂ ಬೇಡ. ಕನ್ನಡದ ಸೊನ್ನೆಯನ್ನು ಮನೆಯೆಂದು, ಗುಣಾಕಾರದ ಗುರುತನ್ನು ಕಟ್ಟೆಯೆಂದು ಇಟ್ಟುಕೊಂಡೆ. ಕಟ್ಟೆಯೆಂದರೆ ಕಾಯಿ ಹೊಡೆಯಬಾರದ ಮನೆ.

೦ ೦ × ೦ ೦
೦ ೦ ೦ ೦ ೦
× ೦ × ೦ ×
೦ ೦ ೦ ೦ ೦
೦ ೦ × ೦ ೦

ಹೊರಸುತ್ತು 16 ಮನೆ, ಒಳಸುತ್ತು 8, ನಡುವಿನ ಹಣ್ಣಿನ ಮನೆ ಒಂದು. ನಾಲ್ಕು ಕವಡಿ ಬಾಯಿ ಮೇಲಾಗಿ ಬಿದ್ದರೆ ಚೌಕಾ, ನಾಲ್ಕೂ ಬೋರಲಾಗಿ ಬಿದ್ದರೆ ಬಾರಾ, ಅಂದರೆ 8. ಇಷ್ಟು ಹೇಳಿದರೆ ಆಟ ಅರ್ಥವಾಗುವುದಿಲ್ಲ. ಆಟದ ನಡುವಿನ ಸ್ಥಿತಿಯನ್ನು ತೋರಿಸಬೇಕು, ಕಾಯಿ ಯಾವುದು ಎಲ್ಲಿದೆ, ಯಾರು ಯಾರನ್ನು ಹೊಡೆಯುತ್ತಾರೆ ಎಂಬುದನ್ನು. ಅಲ್ಲಿ ಲೆಕ್ಕ ಕೈಮೀರಿತು.

ಚದುರಂಗದಲ್ಲಿ ಒಂದು ಮನೆಗೆ ಒಂದೇ ಕಾಯಿ. ನಮ್ಮಲ್ಲಿ ಹಾಗಲ್ಲ. ನಾಲ್ಕು ಮಂದಿ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಬರಿಯ ಮನೆಯಲ್ಲಿ ಒಬ್ಬರವೇ ಒಂದರಿಂದ ನಾಲ್ಕು ಕಾಯಿ ಕೂಡಬಹುದು, ಖಾಲಿಯದೂ ಸೇರಿದರೆ ಅದಕ್ಕೆ 17 ಬಗೆ. ಕಟ್ಟೆಯಲ್ಲಿ ಎಲ್ಲರ ಕಾಯಿಯೂ ಒಟ್ಟಿಗೆ ಕೂರಬಹುದು. ಒಬ್ಬೊಬ್ಬರದು ಸೊನ್ನೆಯಿಂದ ನಾಲ್ಕರವರೆಗೆ, ಐದು ಬಗೆ. ಐದನ್ನು ನಾಲ್ಕು ಸಲ ಗುಣಿಸಿದರೆ 625. ಎರಡೂ ಸೇರಿ 642 ಅಕ್ಷರ! 64 ಮನೆಯ ಚದುರಂಗಕ್ಕೆ 26, 25 ಮನೆಯ ಚೌಕಾಬಾರಾಕ್ಕೆ 642. ಪಡಸಾಲೆಯ ಆಟವೆಂದು ಹಗುರಾಗಿ ನೋಡಿದವರಿಗೆ ಈ ಲೆಕ್ಕ ತೋರಿಸಬೇಕು.

ಇಂಥ ಗೊಂದಲ ಕನ್ನಡಕ್ಕೆ ಹೊಸದಲ್ಲ ಎಂದು ಹೊಳೆದದ್ದು ಮರುದಿನ ಪಾತ್ರೆ ತೊಳೆಯುವಾಗ. ಒಂದೊಂದು ವ್ಯಂಜನಕ್ಕೂ ಕಾಗುಣಿತ, ಅದರ ಕೆಳಗೆ ಒತ್ತು, ಒತ್ತಿನ ಕೆಳಗೂ ಕೆಲವೊಮ್ಮೆ ಇನ್ನೊಂದು ಒತ್ತು. ಪ್ರತಿಯೊಂದಕ್ಕೂ ಬೇರೆ ಮೊಳೆ ಎರಕ ಹೊಯ್ದಿದ್ದರೆ ಮೊಳೆ ಜೋಡಿಸುವವರಿಗೆ ಒಂದು ಗೋಡೆಯಷ್ಟು ಕೇಸು ಬೇಕಾಗುತ್ತಿತ್ತು. ಹಾಗೆ ಮಾಡದೆ ಅಕ್ಷರವನ್ನು ಒಡೆದರು. ಮೈ ಬೇರೆ, ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ, ಬೇಕಾದಾಗ ಕೂಡಿಸುವುದು. ಗಣಕಕ್ಕೆ ಬಂದಾಗ ನುಡಿಯ ಫಾಂಟಿನಲ್ಲೂ ಅದೇ ಉಪಾಯ. ಚದುರಂಗದ ಫಾಂಟು ಇಂಗ್ಲಿಷಿನ ರೀತಿಯದು, ಒಂದು ಮುಖಕ್ಕೆ ಒಂದು ಕೀಲಿ. ಚೌಕಾಬಾರಾದ್ದು ಕನ್ನಡದ ರೀತಿಯದಾಗಬೇಕು.

ಹಾಗೇ ಮಾಡಿದೆ. ಕಾಯಿಗಳೆಂದು ನಾವು ಇಡುತ್ತಿದ್ದುದು ಬಳೆಚೂರು, ಕಲ್ಲು, ಜೋಳದ ಕಾಳು, ಹುಣಸೆ ಬೀಜ. ಅವಕ್ಕೆ ಬ, ಕ, ಜ, ಹ. ಒಂದೇ ಕಾಯಿ ಇದ್ದರೆ ‘ಬ’, ಎರಡು ಕೂಡಿ ಗಟ್ಟಿಯಾದರೆ ‘ಬ್ಬ’. ಗಟ್ಟಿಯೆಂದರೆ ಒತ್ತಿ ಕೂತದ್ದೇ ತಾನೆ, ಒತ್ತಕ್ಷರ ಅದಕ್ಕೆ ಸರಿಯಾಗಿ ಒಪ್ಪಿತು. ಮೂರು, ನಾಲ್ಕಾದರೆ ಪಕ್ಕದಲ್ಲಿ ಸಣ್ಣ ಅಂಕಿ. ಕಟ್ಟೆಯಲ್ಲಿ ಹಲವರು ಕೂತರೆ ಅಕ್ಷರಗಳನ್ನು ಸಾಲಾಗಿ ಇಡುವುದು. 642 ಬೇಡವೇ ಬೇಡ, ಇದ್ದ ಅಕ್ಷರದಲ್ಲೇ ಮುಗಿಯಿತು. ದೊಡ್ಡವ್ವ ಓದಿ ನೋಡಿ, “ಹುಣಚಿ ಬೀಜ ಹಣ್ಣಾಗಾಕ ಎರಡ ಮನಿ ಉಳದಾವ, ಬಳಿಚೂರ ಬೆನ್ನ ಹತ್ತೈತಿ” ಎಂದಳು. ನಾನು ಏನೂ ವಿವರಿಸಿರಲಿಲ್ಲ.

ಅಳಗುಳಿಮಣೆಗೆ ಇಷ್ಟೂ ಕಷ್ಟವಿಲ್ಲ. ಏಳೇಳರ ಎರಡು ಸಾಲು ಗುಳಿ, ಗುಳಿಯೊಳಗೆ ಎಷ್ಟು ಕಾಳು ಎಂದು ಅಂಕಿ ಬರೆದರೆ ಆಯಿತು. ಐದೈದು ಕಾಳಿನಿಂದ ಶುರುವಾದರೆ ಒಟ್ಟು 70. ತಪ್ಪಾದರೆ ಕೂಡಿಸಿದಾಗ ಗೊತ್ತಾಗುತ್ತದೆ.

ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಲ್ಲೇ ಇದೆ. ಚದುರಂಗದ ಕಾಯಿಗಳೂ ಆಗಲೇ ಬಂದವು. 2002ರಲ್ಲಿ ದಾಳದ ಆರು ಮುಖ, 2008ರಲ್ಲಿ ಚೀನೀಯರ ಮಾಜಾಂಗ್ ಬಿಲ್ಲೆಗಳು ಮತ್ತು ಡಾಮಿನೋ, 2010ರಲ್ಲಿ ಇಸ್ಪೀಟು, 2018ರಲ್ಲಿ ಚೀನೀ ಚದುರಂಗ. ಬೋರಲು ಬಿದ್ದ ಕವಡಿ, ಬಾಯಿ ತೆರೆದ ಕವಡಿ, ಎರಡೇ ಎರಡು ಗುರುತು, ಅವು ಇಲ್ಲ. ಕೇಳಿದವರಿಗೆ ಕೊಟ್ಟಿದ್ದಾರೆ. ನಾವು ಕೇಳಿದ್ದೇವೆಯೇ?

ಪಗಡೆಯ ಮಣೆಗೆ ದಾರಿ ತೋರಿಸಿದ್ದು ನವಲಗುಂದದ ಜಮಖಾನ. ನಮ್ಮ ಜಿಲ್ಲೆಯ ಆ ಊರಿನಲ್ಲಿ ಜಮಖಾನ ನೇಯುವವರು ಹೆಂಗಸರು. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ಕೆಳಗಿನಿಂದ ಮೇಲಕ್ಕೆ ಸಾಲು ಸಾಲಾಗಿ ಏರಿಸುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ನವಿಲಿನ ಜತೆಗೆ ಪಗಡೆಯ ಹಾಸೂ ಅಲ್ಲಿಯ ಹಳೆಯ ವಿನ್ಯಾಸ. ಮೂರು ಸಾಲಿಗೆ ಎಂಟೆಂಟು ಮನೆ, ಅಂಥ ನಾಲ್ಕು ತೋಳು, ಒಟ್ಟು 96 ಮನೆ. ನೇಯುವವಳು ಇಡೀ ಚಿತ್ರ ಬರೆಯುವುದಿಲ್ಲ, ಈ ಸಾಲಿನಲ್ಲಿ ಎಷ್ಟು ಎಳೆ ಕೆಂಪು, ಎಷ್ಟು ಎಳೆ ಹಳದಿ ಎಂದು ಎಣಿಸುತ್ತಾಳೆ. ಟೈಪು ಮಾಡುವುದೂ ಅಷ್ಟೇ. ತೋಳಿಲ್ಲದ ಕಡೆ ಎಂಟು ಖಾಲಿ ಜಾಗ, ಆಮೇಲೆ ಮೂರು ಮನೆ, ಮತ್ತೆ ಎಂಟು ಖಾಲಿ, ಹೀಗೆ ಎಂಟು ಸಾಲು. ನಡುವೆ ಅಡ್ಡ ತೋಳುಗಳ ಮೂರು ಸಾಲು. ಮತ್ತೆ ಮೊದಲಿನಂತೆ ಎಂಟು. ಹತ್ತೊಂಬತ್ತು ಸಾಲಿಗೆ ಹಾಸು ಮುಗಿಯಿತು.

ಹುಲಿ-ಕುರಿ ಮಾತ್ರ ಬಗ್ಗಲಿಲ್ಲ. ಅಲ್ಲಿ ಕಾಯಿ ಕೂರುವುದು ಮನೆಯಲ್ಲಲ್ಲ, ಗೆರೆ ಗೆರೆ ಕೂಡುವ ಬಿಂದುವಿನಲ್ಲಿ. ಆ ಗೆರೆಗಳೋ ಗುಡ್ಡದ ತುದಿಯಿಂದ ಇಳಿದಂತೆ ಓರೆ ಓರೆ. ಎಷ್ಟು ಸಲ ಜೋಡಿಸಿದರೂ ಗೆರೆ ಒಂದಕ್ಕೊಂದು ಮುಟ್ಟುತ್ತಿರಲಿಲ್ಲ. ಕೊನೆಗೆ ಆ ಪುಟದಲ್ಲಿ ಅಷ್ಟು ಜಾಗ ಖಾಲಿ ಬಿಟ್ಟು, ದೊಡ್ಡವ್ವನಿಂದ ಒಂದು ಹಾಳೆಯ ಮೇಲೆ ಪೆನ್ನಿನಲ್ಲಿ ಬರೆಸಿ, ಸ್ಕ್ಯಾನ್ ಮಾಡಿ ಕೂರಿಸಿದೆ. ಅವಳ ಕೈ ನಡುಗಿದ್ದಕ್ಕೆ ಬಲಗಡೆಯ ಗೆರೆ ಸ್ವಲ್ಪ ಡೊಂಕಾಗಿದೆ. ಮುದ್ರಣದವರು ತಿದ್ದಲೇ ಎಂದು ಕೇಳಿದರು. ಬೇಡ ಎಂದೆ.