ಲಿನಕ್ಸ್‌ಗೆ ಒಂದೇ ಮಾದರಿ ಬೇಕೇ?



ಇಪ್ಪತ್ತು ವರ್ಷಗಳ ಹಿಂದಿನ ಮಾತು. ದಹಿಸರ್‌ನಲ್ಲಿ ನಮ್ಮ ಯಕ್ಷಗಾನ ಕಾರ್ಯಕ್ರಮದ ಆಮಂತ್ರಣವನ್ನು ಮನೆಯ ಗಣಕದಲ್ಲಿ ಟೈಪ್ ಮಾಡಿ, ಸಿಡಿಯಲ್ಲಿ ಹಾಕಿಕೊಂಡು ಸ್ಟೇಷನ್ ಬಳಿಯ ಪ್ರೆಸ್ಸಿಗೆ ಹೋದೆ. ಅಲ್ಲಿ ತೆರೆದರೆ ಕನ್ನಡವೇ ಇಲ್ಲ! ಪರದೆಯ ತುಂಬ ಅರ್ಥವಿಲ್ಲದ ರೋಮನ್ ಚಿಹ್ನೆಗಳು. ನನ್ನ ಕನ್ನಡ ತಂತ್ರಾಂಶ ಒಂದು, ಅವರದು ಇನ್ನೊಂದು. ಮತ್ತೆ ಮೊದಲಿನಿಂದ ಟೈಪ್ ಮಾಡಿಸಬೇಕಾಯಿತು.

ಲಿನಕ್ಸ್ ಲೋಕದಲ್ಲೂ ಇಂಥದೇ ತೊಡಕು. 1991ರಲ್ಲಿ ಫಿನ್‌ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಹಂಚಿದ್ದು ಕರ್ನೆಲ್ ಎಂಬ ತಿರುಳನ್ನು ಮಾತ್ರ. ಅದಕ್ಕೆ ಉಳಿದ ತಂತ್ರಾಂಶಗಳನ್ನು ಜೋಡಿಸಿ ಕೊಡುವ ಕಟ್ಟಿಗೆ ಡಿಸ್ಟ್ರಿಬ್ಯೂಷನ್ ಎನ್ನುತ್ತಾರೆ. 1993ರಲ್ಲಿ ಇಯಾನ್ ಮರ್ಡಾಕ್ ಡೆಬಿಯನ್ ಶುರುಮಾಡಿದರು. ರೆಡ್‌ಹ್ಯಾಟ್, ಸೂಸೆ ಎಂದು ಸಾಲು ಬೆಳೆಯಿತು. ಒಂದರಲ್ಲಿ ಓಡುವ ತಂತ್ರಾಂಶ ಇನ್ನೊಂದರಲ್ಲಿ ಓಡುವ ಭರವಸೆ ಇರಲಿಲ್ಲ. ಹಾಗಾದರೆ ‘ಇದೇ ಮಾದರಿ’ ಎಂದು ಒಂದನ್ನು ನಿಲ್ಲಿಸಬೇಕೇ?

ಎರಡು ದಾರಿಗಳನ್ನು ನೋಡಿದ್ದಾಯಿತು. 2001ರಲ್ಲಿ ‘ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್’ ಎಂಬ ನಿಯಮಾವಳಿ ಬಂತು. 2015ರಲ್ಲಿ ಡೆಬಿಯನ್ ಅದರ ಬಹುಪಾಲನ್ನು ಕೈಬಿಟ್ಟಿತು. ಇತ್ತ ಸನ್ ಕಂಪನಿ ತನ್ನ ಓಪನ್ ಸೊಲಾರಿಸ್‌ಗೆ 2008ರಲ್ಲಿ ಮಾದರಿ ಕಟ್ಟನ್ನೇ ಹೊರತಂದಿತು. ಅದರ ಮುಂದಾಳು ಅದೇ ಮರ್ಡಾಕ್. 2010ರಲ್ಲಿ ಒರಾಕಲ್ ಸನ್ನನ್ನು ಕೊಂಡಿತು, ಅದೇ ವರ್ಷ ಆ ಕೆಲಸ ನಿಂತಿತು. ಮೂಲಸಂಕೇತ ಮುಕ್ತವಾಗಿದ್ದರಿಂದ ಬೇರೆಯವರು ‘ಇಲ್ಯೂಮೋಸ್’ ಹೆಸರಿನಲ್ಲಿ ಮುಂದುವರಿಸಿದರು.

ನಮ್ಮ ಕನ್ನಡದಲ್ಲೂ ಈ ಪರೀಕ್ಷೆ ನಡೆದಿದೆ. ಮುಂಬಯಿಯ ಟಿ.ಐ.ಎಫ್.ಆರ್.ನಲ್ಲಿ ದುಡಿದ, ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳಲ್ಲೇ, ಷಿಫ್ಟ್ ಕೀಲಿಯ ನೆರವಿನಿಂದ, ಕನ್ನಡವನ್ನು ಕೂರಿಸಿದರು. ಒತ್ತಕ್ಷರಕ್ಕೆ ನಡುವೆ ‘ಎಫ್’ ಒತ್ತಿದರಾಯಿತು. ಕರ್ನಾಟಕ ಸರ್ಕಾರ ಈ ವಿನ್ಯಾಸವನ್ನು ಒಪ್ಪಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಸರ್ಕಾರದ ಮಾನದಂಡ ತಂತ್ರಾಂಶವಾಯಿತು. ಸಂತೆಯಲ್ಲಿ ಎಲ್ಲರ ಸೇರನ್ನೂ ಒರೆಹಚ್ಚಿ ನೋಡುವ ಮೂಲ ಸೇರು ಇದ್ದ ಹಾಗೆ.

ಅದರಿಂದ ಉಪಕಾರವಾದದ್ದು ನಿಜ. ಕಚೇರಿಗಳಲ್ಲಿ ಒಂದೇ ಕೀಲಿಮಣೆ ನೆಲೆಯೂರಿತು. ಆದರೆ ಅಂದಿನ ನುಡಿ ವಿಂಡೋಸ್‌ಗೆ ಬರೆದದ್ದು. ಅಕ್ಷರಗಳು ಫಾಂಟಿಗೆ ಕಟ್ಟುಬಿದ್ದಿದ್ದವು. ಆ ಫಾಂಟ್ ಇಲ್ಲದ ಗಣಕದಲ್ಲಿ ಕನ್ನಡವೂ ಇಲ್ಲ. ಲಿನಕ್ಸ್ ಬಳಸುವವರಿಗೆ ಅದು ದಕ್ಕಲಿಲ್ಲ.

ಬಾಗಿಲು ತೆರೆದದ್ದು ಎಲ್ಲರಿಗೂ ಸೇರಿದ ನಿಯಮ. 1991ರ ಯೂನಿಕೋಡ್‌ನಲ್ಲೇ ಕನ್ನಡಕ್ಕೆ ಜಾಗವಿತ್ತು. ನಮ್ಮ ಜುಹೂವಿನಲ್ಲಿದ್ದ ಎನ್.ಸಿ.ಎಸ್.ಟಿ., ಮುಂದೆ ಸಿ-ಡ್ಯಾಕ್‌ನಲ್ಲಿ ಸೇರಿಹೋದ ಸಂಸ್ಥೆ, ‘ಇಂಡಿಕ್ಸ್’ ಯೋಜನೆಯಲ್ಲಿ ಲಿನಕ್ಸ್‌ಗೆ ಭಾರತೀಯ ಲಿಪಿಗಳನ್ನು ಕಲಿಸಿತು. ಕೀಲಿಮಣೆಯ ವಿನ್ಯಾಸ ಗುಟ್ಟಾಗಿರಲಿಲ್ಲವಾದ್ದರಿಂದ ಮುಕ್ತ ತಂತ್ರಾಂಶದವರು ಅದನ್ನೂ ಲಿನಕ್ಸ್‌ಗೆ ತಂದರು. 2012ರಲ್ಲಿ ಕರ್ನಾಟಕ ಸರ್ಕಾರವೂ ಯೂನಿಕೋಡನ್ನು ಶಿಷ್ಟತೆಯಾಗಿ ಅಂಗೀಕರಿಸಿತು.

ಹಾಗಾಗಿ ನನ್ನ ಉತ್ತರ ಇಷ್ಟೇ. ಅಳೆದು ನೋಡಲು ಒಂದು ಮಾದರಿ ಬೇಕು. ಬರಿಯ ಕಾಗದದ ನಿಯಮ ಸಾಲದು. ಆದರೆ ಆ ಸೇರು ಒಬ್ಬರ ಮನೆಯ ಕಪಾಟಿನಲ್ಲಿ ಬೀಗ ಬೀಳಬಾರದು. ಅದು ಒಡೆದರೆ ಅಂಥದೇ ಇನ್ನೊಂದನ್ನು ಯಾರಾದರೂ ಮಾಡುವಂತಿರಬೇಕು.

ಕೊನೆಗೊಂದು ಕೋರಿಕೆ. ನಿಮ್ಮ ಸಂಘದ ಹಳೆಯ ವರದಿ, ಆಮಂತ್ರಣ, ನಾಟಕದ ಪ್ರತಿಗಳು ಹಳೆಯ ಫಾಂಟಿನಲ್ಲಿ ಉಳಿದಿದ್ದರೆ ಈಗಲೇ ಯೂನಿಕೋಡ್‌ಗೆ ಬದಲಿಸಿಡಿ. ಅದಕ್ಕೆ ಪರಿವರ್ತಕಗಳಿವೆ. ನನ್ನ ಆ ಆಮಂತ್ರಣವನ್ನು ಹಾಗೆಯೇ ಉಳಿಸಿಕೊಂಡೆ. ಈಗ ಅದು ಮಗಳ ಲಿನಕ್ಸ್ ಗಣಕದಲ್ಲೂ ಅಚ್ಚ ಕನ್ನಡದಲ್ಲೇ ತೆರೆದುಕೊಳ್ಳುತ್ತದೆ.